ಟೆನಿಸ್ ಟೂರ್ನಿ ನೋಡೋಕೆ ಹೊರಟಿದ್ದೀರಾ? ಮೊದಲ ವಾರವೇ ಹೋಗಿ

ಟೂರ್ನಿ ಅಂದ ಕೂಡಲೇ ಎಲ್ಲರೂ ಫೈನಲ್ ಟಿಕೆಟ್ ಹುಡುಕುತ್ತಾರೆ. ಮೊದಲ ಸಲ ಹೋಗುವವರು ನನ್ನನ್ನು ಕೇಳಿದರೆ, ಫೈನಲ್ ಬಿಟ್ಟುಬಿಡಿ ಅಂತಲೇ ಹೇಳುತ್ತೇನೆ. ಗ್ರ್ಯಾಂಡ್ ಸ್ಲಾಮ್ ಅಂದರೆ ಟೆನಿಸ್‌ನ ನಾಲ್ಕು ದೊಡ್ಡ ಟೂರ್ನಿಗಳ ಸಿಂಗಲ್ಸ್‌ನಲ್ಲಿ ಪುರುಷರು, ಮಹಿಳೆಯರು ತಲಾ 128 ಮಂದಿ ಇರುತ್ತಾರೆ. ಮೊದಲ ಸುತ್ತಿನಲ್ಲೇ ಪುರುಷರ 64 ಪಂದ್ಯ, ಮಹಿಳೆಯರ 64 ಪಂದ್ಯ. ಅಷ್ಟೂ ಎರಡು ಮೂರು ದಿನದಲ್ಲಿ ಮುಗಿಯಬೇಕು. ಹಾಗಾಗಿ ಯಾವ ಕೋರ್ಟ್ ಕಡೆ ಹೋದರೂ ಆಟ ನಡೆಯುತ್ತಲೇ ಇರುತ್ತದೆ. ಫೈನಲ್ ದಿನ ನೋಡೋಕೆ ಸಿಗೋದು ಒಂದೆರಡು ಪಂದ್ಯ ಅಷ್ಟೇ.

ದೊಡ್ಡ ಸ್ಟೇಡಿಯಂನಲ್ಲಿ ನಿಮ್ಮದೇ ಸೀಟ್ ಬೇಕಾದರೆ ಅದಕ್ಕೆ ಬೇರೆ ಟಿಕೆಟ್. ಗ್ರೌಂಡ್ ಪಾಸ್ ತಗೊಂಡರೆ ಆ ಸ್ಟೇಡಿಯಂ ಒಳಗೆ ಬಿಡುವುದಿಲ್ಲ, ಆದರೆ ಚಿಕ್ಕ ಕೋರ್ಟ್‌ಗಳಲ್ಲಿ ಖಾಲಿ ಇದ್ದಲ್ಲಿ ಕೂರಬಹುದು. ಮೊದಲ ವಾರಕ್ಕೆ ಗ್ರೌಂಡ್ ಪಾಸೇ ಸಾಕು, ಬೆಲೆಯೂ ಕಡಿಮೆ. 2010ರ ವಿಂಬಲ್ಡನ್‌ನಲ್ಲಿ ಇಸ್ನರ್ ಮತ್ತು ಮಾಹು ಮೂರು ದಿನಗಳಲ್ಲಿ ಒಟ್ಟು 11 ಗಂಟೆ 5 ನಿಮಿಷ ಆಡಿದ್ದು ಸೆಂಟರ್ ಕೋರ್ಟ್‌ನಲ್ಲಲ್ಲ, 18ನೇ ನಂಬರ್ ಕೋರ್ಟ್‌ನಲ್ಲಿ. ಅದೂ ಮೊದಲ ಸುತ್ತಿನ ಪಂದ್ಯ!

ಯಾವ ಕೋರ್ಟ್‌ನಲ್ಲಿ ಯಾರ ಆಟ ಅನ್ನುವ ಪಟ್ಟಿ ಹಿಂದಿನ ದಿನ ಸಂಜೆಯ ಹೊತ್ತಿಗೆ ಬರುತ್ತದೆ. ಅದನ್ನು ನೋಡಿ ಮೂರು ಪಂದ್ಯ ಗುರುತು ಮಾಡಿಕೊಳ್ಳಿ, ಜಾಸ್ತಿ ಬೇಡ. ಮೊದಲ ಪಂದ್ಯಕ್ಕೆ ಮಾತ್ರ ಸಮಯ ಖಚಿತ. ಉಳಿದವು ಮುಂಚಿನದು ಮುಗಿದ ಮೇಲೆ ಶುರು. ಪುರುಷರ ಗರಿಷ್ಠ ಐದು ಸೆಟ್‌ಗಳ ಪಂದ್ಯ ಒಂದೂವರೆ ಗಂಟೆಗೂ ಮುಗಿಯಬಹುದು, ಐದು ಗಂಟೆಯೂ ಎಳೆಯಬಹುದು. ನೀವು ಕಾಯುತ್ತಿರುವ ಆಟಗಾರ್ತಿ ಮೂರನೇ ಪಂದ್ಯದಲ್ಲಿದ್ದರೆ, ಎರಡನೆಯದರ ಮಧ್ಯದಲ್ಲೇ ಹೋಗಿ ಜಾಗ ಹಿಡಿಯಿರಿ.

ಗೇಟ್ ತೆಗೆಯುವ ಹೊತ್ತಿಗೇ ತಲುಪಿ, ನೇರವಾಗಿ ಪ್ರಾಕ್ಟೀಸ್ ಕೋರ್ಟ್‌ಗೆ ನಡೆಯಿರಿ. ಟಿವಿಯಲ್ಲಿ ನೋಡಿದ ಹೆಸರುಗಳು ಇಲ್ಲಿ ಕೈಗೆಟುಕುವಷ್ಟು ಹತ್ತಿರ ಆಡುತ್ತಿರುತ್ತವೆ. ಚೆಂಡು ಬಿಟ್ಟು ಕಾಲು ನೋಡಿ ಅನ್ನೋದು ನನ್ನ ಸಲಹೆ. ಎದುರಿನವರು ಚೆಂಡಿಗೆ ಹೊಡೆಯುವ ಕ್ಷಣಕ್ಕೆ ಸರಿಯಾಗಿ ಇವರು ಎರಡೂ ಕಾಲಲ್ಲಿ ಸಣ್ಣದೊಂದು ಜಿಗಿತ ಜಿಗಿದು ಇಳಿಯುತ್ತಾರೆ. ಇಳಿಯುವಾಗಲೇ ಎಡವೋ ಬಲವೋ ತೀರ್ಮಾನ ಆಗಿರುತ್ತದೆ. ಆಮೇಲೆ ಪುಟ್ಟ ಪುಟ್ಟ ಹೆಜ್ಜೆ, ಶೂ ಕಿರುಗುಟ್ಟುವ ಸದ್ದು. ಪ್ರತಿ ಹೊಡೆತಕ್ಕೂ ಇದೇ ನಡೆಯುತ್ತದೆ, ದಣಿದಾಗಲೂ. ಟಿವಿಯಲ್ಲಿ ಕಣ್ಣು ಚೆಂಡಿನ ಹಿಂದೆಯೇ ಹೋಗುವುದರಿಂದ ಇದು ತಪ್ಪಿಹೋಗುತ್ತದೆ. ಒಮ್ಮೆ ಗಮನಿಸಿದಿರೋ, ಆಮೇಲೆ ನೀವು ಆಟ ನೋಡುವ ರೀತಿಯೇ ಬೇರೆ.

ಎಲ್ಲಿ ಕೂರಬೇಕು? ಟಿವಿ ಕ್ಯಾಮೆರಾ ಬೇಸ್‌ಲೈನ್ (ಕೋರ್ಟ್‌ನ ತುದಿಯ ಗೆರೆ) ಹಿಂದೆ ತುಂಬಾ ಎತ್ತರದಲ್ಲಿರುತ್ತದೆ. ಅಲ್ಲಿಂದ ಚೆಂಡು ಚಪ್ಪಟೆಯಾಗಿ, ನಿಧಾನವಾಗಿ ಹೋದಂತೆ ಕಾಣುತ್ತದೆ. ಅದೇ ಬೇಸ್‌ಲೈನ್ ಹಿಂದೆ ಕೆಳಗಿನ ಸಾಲುಗಳಲ್ಲಿ ಕೂತು ನೋಡಿ: ಚೆಂಡು ಮುಂದಕ್ಕೆ ಸುತ್ತುವಂತೆ ಹೊಡೆದ ಟಾಪ್‌ಸ್ಪಿನ್ ಹೊಡೆತ ನೆಟ್‌ಗಿಂತ ಎಷ್ಟೋ ಮೇಲೆ ಹೋಗಿ, ಗಬಕ್ಕನೆ ಕೆಳಗಿಳಿದು, ಪುಟಿದು ಭುಜದೆತ್ತರಕ್ಕೆ ಬರುತ್ತದೆ. ಪಕ್ಕದ ಸೀಟ್‌ನಲ್ಲಿ ವೇಗ ಚೆನ್ನಾಗಿ ಗೊತ್ತಾಗುತ್ತದೆ, ಆದರೆ ಕತ್ತು ಆ ಕಡೆ ಈ ಕಡೆ ತಿರುಗಿಸಿ ಸಾಕಾಗುತ್ತದೆ. ಬಿಸಿಲಿನ ಲೆಕ್ಕವೂ ಇರಲಿ. ಕೋರ್ಟ್‌ಗಳನ್ನು ಸಾಮಾನ್ಯವಾಗಿ ಉತ್ತರ ದಕ್ಷಿಣವಾಗಿ ಹಾಕಿರುತ್ತಾರೆ. ಮಧ್ಯಾಹ್ನದ ಮೇಲೆ ಪಶ್ಚಿಮದ ಸ್ಟ್ಯಾಂಡ್‌ನಲ್ಲಿ ಸೂರ್ಯ ಬೆನ್ನ ಹಿಂದೆ, ಪೂರ್ವದಲ್ಲಿ ನೇರ ಕಣ್ಣಿಗೆ. ಟೋಪಿ, ಸನ್‌ಸ್ಕ್ರೀನ್, ನೀರು ಇಲ್ಲದೆ ಹೋಗಲೇಬೇಡಿ. ಬ್ಯಾಗ್ ಎಷ್ಟು ದೊಡ್ಡದಿರಬಹುದು ಅಂತ ಟೂರ್ನಿಯ ನಿಯಮ ಮೊದಲೇ ಓದಿಕೊಳ್ಳಿ.

ಆಟ ನಡೆಯುವಾಗ ಎದ್ದು ಓಡಾಡುವ ಹಾಗಿಲ್ಲ. ಪ್ರತಿ ಸೆಟ್‌ನ 1, 3, 5ನೇ ಗೇಮ್ ಹೀಗೆ ಬೆಸ ಸಂಖ್ಯೆಯ ಗೇಮ್ ಮುಗಿದಾಗ ಆಟಗಾರರು ಬದಿ ಬದಲಿಸುತ್ತಾರೆ. ಬಾಗಿಲಲ್ಲಿ ಕಾದವರನ್ನು ಸಾಮಾನ್ಯವಾಗಿ ಒಳಗೆ ಬಿಡೋದು ಆಗ. ಮೊದಲ ಗೇಮ್ ಆದ ಮೇಲೆ ಅವರು ಕೂರುವುದಿಲ್ಲ, ಮೂರನೆಯದರ ನಂತರ 90 ಸೆಕೆಂಡ್ ವಿರಾಮ. ಆಸ್ಟ್ರೇಲಿಯನ್ ಓಪನ್ 2024ರಿಂದ ಯಾವುದೇ ಎರಡು ಗೇಮ್‌ಗಳ ನಡುವೆ ಬಿಡಲು ಶುರು ಮಾಡಿದೆ. ಫೋನ್ ಸೈಲೆಂಟ್ ಇರಲಿ, ಫ್ಲ್ಯಾಶ್ ಬೇಡವೇ ಬೇಡ. ಒಳ್ಳೆಯ ಹೊಡೆತಕ್ಕೆ ಕೈ ನೋಯುವಷ್ಟು ಚಪ್ಪಾಳೆ ಹೊಡೆಯಿರಿ. ಡಬಲ್ ಫಾಲ್ಟ್‌ಗೆ, ಅಂದರೆ ಎರಡೂ ಸರ್ವ್ ತಪ್ಪಿ ಪಾಯಿಂಟ್ ಹೋದಾಗ ಮಾತ್ರ ಬೇಡ, ದಯವಿಟ್ಟು. ಅಲ್ಲಿ ಒಬ್ಬರು ತಮ್ಮ ಸರ್ವ್ ಜೊತೆ ಒದ್ದಾಡುತ್ತಿರುತ್ತಾರೆ.

ಚೆಂಡು ನಿಮ್ಮ ಹತ್ತಿರ ಬಂದು ಬಿದ್ದರೆ ಬಾಲ್ ಬಾಯ್ ಕಡೆ ಎಸೆದುಬಿಡಿ. ಮೊದಲ ಸಲ 7 ಗೇಮ್‌ಗೆ, ಆಮೇಲೆ 9 ಗೇಮ್‌ಗೊಮ್ಮೆ ಎಲ್ಲ ಚೆಂಡುಗಳನ್ನೂ ಒಟ್ಟಿಗೆ ಬದಲಿಸುತ್ತಾರೆ. ಸವೆತ ಎಲ್ಲದರಲ್ಲೂ ಒಂದೇ ಥರ ಇರಬೇಕು ಅಲ್ವಾ? ಹೊಸ ಚೆಂಡು ತೆಗೆದುಕೊಂಡವರು ಅದನ್ನು ಎತ್ತಿ ಎದುರಾಳಿಗೆ ತೋರಿಸುತ್ತಾರೆ. ಆ ಗೇಮ್‌ನಲ್ಲಿ ಸರ್ವ್ ಸ್ವಲ್ಪ ಜಾಸ್ತಿ ವೇಗವಾಗಿ ಬರುವ ಸಾಧ್ಯತೆ ಇದೆ, ಕಣ್ಣಿಟ್ಟಿರಿ.

ಸಂಜೆ ಜನ ದೊಡ್ಡ ಸ್ಟೇಡಿಯಂ ಕಡೆ ಹರಿದಾಗ ನೀವು ಡಬಲ್ಸ್ ನಡೆಯುವ ಕೋರ್ಟ್ ಹುಡುಕಿ. ಸರ್ವ್ ಮಾಡುವವರ ಹಿಂದೆ ಕೂತರೆ, ನೆಟ್ ಬಳಿ ನಿಂತ ಜೊತೆಗಾರ ಬೆನ್ನ ಹಿಂದೆ ಬೆರಳಲ್ಲಿ ಮಾಡುವ ಸನ್ನೆ ಸ್ಪಷ್ಟವಾಗಿ ಕಾಣುತ್ತದೆ. ಅವನು ಅಡ್ಡ ನುಗ್ಗುತ್ತಾನೋ, ನಿಂತಲ್ಲೇ ನಿಲ್ಲುತ್ತಾನೋ? ನಾಲ್ಕೈದು ಗೇಮ್ ಕೂತರೆ ಆ ಸನ್ನೆ ನಿಮಗೂ ಅರ್ಥವಾಗೋಕೆ ಶುರುವಾಗುತ್ತದೆ.