ಎತ್ತಿಟ್ಟ ಬಟ್ಟೆಗೆ ಹಿಡಿದ ಹೊಗೆ ವಾಸನೆ: ನಾನು ತೆಗೆಯುವ ಬಗೆ

ಹೊಲಿಯಲೆಂದು ಕೂಡಿಟ್ಟ ಬಟ್ಟೆಗೆ ಹೊಗೆ ವಾಸನೆ ಹಿಡಿದಿದ್ದರೆ ಮೊದಲ ನಿಯಮ ಇದು: ವಾಸನೆ ಪೂರ್ತಿ ಹೋಗುವವರೆಗೆ ಇಸ್ತ್ರಿ, ಡ್ರೈಯರ್, ಕುದಿಯುವ ನೀರು ಯಾವುದನ್ನೂ ತಾಗಿಸಬಾರದು. ಹೊಗೆಯ ಜೊತೆ ಬಂದು ನೂಲಿನ ಮೇಲೆ ಕೂರುವುದು ಸಣ್ಣ ಮಸಿಯ ಕಣ ಮತ್ತು ಎಣ್ಣೆಯಂಥ ಜಿಡ್ಡು. ಶಾಖ ತಗುಲಿದರೆ ಆ ಜಿಡ್ಡು ಎಳೆಯೊಳಕ್ಕೆ ಇಳಿದು ಕಚ್ಚಿಕೊಳ್ಳುತ್ತದೆ. ಆಮೇಲೆ ಎಷ್ಟು ಒಗೆದರೂ ಪೂರ್ತಿ ಬಿಡುವುದು ಕಷ್ಟ.

ಒದ್ದೆ ಮಾಡುವ ಮುನ್ನ ಒಣ ಕೆಲಸ ಮುಗಿಸುತ್ತೇನೆ. ಮಡಿಕೆಗಳನ್ನೆಲ್ಲ ಬಿಡಿಸಿ, ಬಯಲಲ್ಲಿ ಬಟ್ಟೆಯನ್ನು ಕೊಡವುತ್ತೇನೆ. ಮಸಿ ಕಣ್ಣಿಗೆ ಕಾಣುವಂತಿದ್ದರೆ ಉಜ್ಜುವುದಾಗಲಿ ಬ್ರಷ್ ಹಾಕುವುದಾಗಲಿ ಬೇಡ, ಕಣ ಒಳಗೆ ತಿಕ್ಕಿಹೋಗುತ್ತದೆ. ವ್ಯಾಕ್ಯೂಮ್ ಕ್ಲೀನರ್‌ನ ಮೂತಿಯನ್ನು ಬಟ್ಟೆಗೆ ತಾಗಿಸದೆ, ಒಂದು ಬೆರಳಿನಷ್ಟು ಮೇಲೆ ಹಿಡಿದು ಎಳೆಸಬೇಕು. ಎತ್ತಿಟ್ಟ ಬಟ್ಟೆಯಲ್ಲಿ ಹೊಗೆ ಹೆಚ್ಚು ಕೂತಿರುವುದು ಹೊರಮಡಿಕೆಯ ಅಂಚಿನಲ್ಲಿ. ಅಲ್ಲಿ ಹಳದಿ ಗೆರೆ ಕಂಡರೆ ಮುಂದೆ ನೆನೆಸುವಾಗ ಆ ಜಾಗಕ್ಕೆ ಹೆಚ್ಚು ಗಮನ ಕೊಡಬೇಕು.

ಮುಂದೆ ಗಾಳಿ. ನೆರಳಿನಲ್ಲಿ, ಗಾಳಿಯಾಡುವ ಕಡೆ, ಒಂದರ ಮೇಲೊಂದು ಬೀಳದಂತೆ ಎರಡು-ಮೂರು ದಿನ ಹರವುತ್ತೇನೆ. ಬಿಸಿಲು ವಾಸನೆಯನ್ನು ಬೇಗ ಓಡಿಸುತ್ತದೆ ನಿಜ, ಆದರೆ ಬಣ್ಣವನ್ನೂ ಎಳೆಯುತ್ತದೆ. ಬಿಳಿ ಹತ್ತಿ ಬಟ್ಟೆಗೆ ಮಾತ್ರ ಬಿಸಿಲು. ಉಣ್ಣೆ ಹೀರಿಕೊಂಡದ್ದನ್ನು ನಿಧಾನವಾಗಿ ಬಿಡುವುದರಿಂದ ಅದಕ್ಕೆ ವಾರವಾದರೂ ಬೇಕು. ಹೊಗೆ ತೆಳುವಾಗಿದ್ದರೆ ಕೆಲಸ ಇಲ್ಲಿಗೇ ಮುಗಿಯುವುದೂ ಉಂಟು.

ಒಗೆಯಬೇಕಾಗಿ ಬಂದರೆ ಯಾವ ಹೊಗೆ ಎಂದು ಕೇಳಿಕೊಳ್ಳಬೇಕು. ಹೆಚ್ಚಿನವರು ಬಿಟ್ಟುಬಿಡುವ ಪ್ರಶ್ನೆ ಇದು. ಸಿಗರೇಟಿನ ಹೊಗೆಯಲ್ಲಿರುವ ನಿಕೋಟಿನ್ ಕ್ಷಾರ ಗುಣದ್ದು, ಹಾಗಾಗಿ ಆಮ್ಲಕ್ಕೆ ಸೋತು ನೀರಿನಲ್ಲಿ ಕರಗುತ್ತದೆ: 10 ಲೀಟರ್ ತಣ್ಣೀರಿಗೆ 250 ಮಿ.ಲೀ. ಬಿಳಿ ವಿನೆಗರ್, ಅರ್ಧದಿಂದ ಒಂದು ಗಂಟೆ ನೆನೆ. ಸೌದೆ ಹೊಗೆಯ ಕಟು ವಾಸನೆಗೆ ಮುಖ್ಯ ಕಾರಣ ಫೀನಾಲ್ ಗುಂಪಿನ ವಸ್ತುಗಳು. ಅವು ಆಮ್ಲದ ಕಡೆಯವು, ಅವಕ್ಕೆ ಕ್ಷಾರ ಬೇಕು: 10 ಲೀಟರ್ ಉಗುರುಬೆಚ್ಚಗಿನ ನೀರಿಗೆ 30 ಗ್ರಾಂ ವಾಷಿಂಗ್ ಸೋಡಾ, ಒಂದು ಗಂಟೆ. ಎರಡೂ ಬೇಕೆನಿಸಿದರೆ ಒಂದು ಮುಗಿದು, ಚೆನ್ನಾಗಿ ಜಾಲಾಡಿದ ಮೇಲೆ ಇನ್ನೊಂದು. ಒಟ್ಟಿಗೆ ಸುರಿದರೆ ನೊರೆ ಬರುತ್ತದೆ, ಒಂದರ ಗುಣವನ್ನು ಇನ್ನೊಂದು ಕೊಲ್ಲುತ್ತದೆ, ಬಟ್ಟೆಗೆ ಏನೂ ಸಿಗುವುದಿಲ್ಲ. ಕ್ಲೋರಿನ್ ಬ್ಲೀಚ್ ಇರುವ ನೀರಿಗಂತೂ ವಿನೆಗರ್ ಸೇರಿಸಲೇಬಾರದು. ಏಳುವ ಕ್ಲೋರಿನ್ ಅನಿಲ ಶ್ವಾಸಕೋಶಕ್ಕೆ ಅಪಾಯ.

ವಾಷಿಂಗ್ ಸೋಡಾ ಹತ್ತಿ, ಲಿನನ್, ಪಾಲಿಯೆಸ್ಟರಿಗೆ ಸರಿ. ರೇಷ್ಮೆ ಮತ್ತು ಉಣ್ಣೆ ಪ್ರೋಟೀನ್ ನೂಲುಗಳು, ಕ್ಷಾರಕ್ಕೆ ಹಾಳಾಗುತ್ತವೆ. ಅವಕ್ಕೆ ತಣ್ಣೀರು, ಉಣ್ಣೆಗೆಂದೇ ಬರುವ ಸೌಮ್ಯವಾದ ದ್ರವ ಸೋಪು, ಕೊನೆಯ ಜಾಲಾಟದಲ್ಲಿ 5 ಲೀಟರಿಗೆ ಒಂದು ದೊಡ್ಡ ಚಮಚ ವಿನೆಗರ್. ಹಿಂಡದೆ ಟವೆಲಿನಲ್ಲಿ ಸುತ್ತಿ ಒತ್ತಬೇಕು. ಜರಿ ಇದ್ದರೆ ವಿನೆಗರ್ ಬೇಡ, ಲೋಹ ಕಪ್ಪಾಗಬಹುದು. ಯಾವ ಬಟ್ಟೆಯಾದರೂ ಮೂಲೆಯೊಂದನ್ನು ಒದ್ದೆ ಮಾಡಿ ಬಿಳಿ ಬಟ್ಟೆಯಿಂದ ಒತ್ತಿ ಬಣ್ಣ ಬಿಡುತ್ತದೆಯೇ ನೋಡುವುದು ಕಡ್ಡಾಯ.

ಇನ್ನೂ ಕತ್ತರಿಸದ ಹೊಸ ತುಂಡುಗಳಿಗೆ ಬೇರೊಂದು ತೊಡಕಿದೆ. ಗಿರಣಿಯಲ್ಲಿ ಹಾಕಿದ ಗಂಜಿ ಹೊಗೆಯ ಜಿಡ್ಡನ್ನು ಹಿಡಿದಿಟ್ಟುಕೊಳ್ಳುತ್ತದೆ. ಗಂಜಿ ಇಳಿಯದೆ ವಾಸನೆ ಇಳಿಯದು. ಕತ್ತರಿಸಿದ ಅಂಚಿಗೆ ಜಿಗ್‌ಜಾಗ್ ಹೊಲಿಗೆ ಹಾಕಿಯೇ ನೆನೆಸುತ್ತೇನೆ, ಇಲ್ಲದಿದ್ದರೆ ನೂಲು ಬಿಟ್ಟು ಗಂಟಾಗುತ್ತದೆ. ಹತ್ತಿ ಕುಗ್ಗುವುದೂ ಬಹುಪಾಲು ಇದೇ ಹಂತದಲ್ಲಿ ಆಗುವುದರಿಂದ ಅಳತೆಯನ್ನು ಆಮೇಲೆ ತೆಗೆದುಕೊಳ್ಳಬೇಕು. ನೆನೆಸಿದ ನೀರು ಹಳದಿ ಅಥವಾ ಕಂದು ಬಣ್ಣಕ್ಕೆ ತಿರುಗಿದರೆ ಚೆಲ್ಲಿ, ಹೊಸ ನೀರಿನಲ್ಲಿ ಮತ್ತೆ ಅದೇ ಕ್ರಮ. ನೀರು ತಿಳಿಯಾಗಿ ನಿಂತ ಮೇಲೆ ಮಾಮೂಲಿ ಡಿಟರ್ಜೆಂಟಿನಲ್ಲಿ ಒಗೆತ. ಮಷೀನ್ ಅರ್ಧಕ್ಕಿಂತ ಹೆಚ್ಚು ತುಂಬಬಾರದು, ಜಾಲಾಟ ಎರಡು ಸಲ. ಫ್ಯಾಬ್ರಿಕ್ ಸಾಫ್ಟನರ್ ಹಾಕುವುದಿಲ್ಲ: ಅದು ನೂಲಿನ ಮೇಲೆ ಪದರ ಕಟ್ಟಿ ಉಳಿದ ವಾಸನೆಯನ್ನು ಕೆಳಗೆ ಮುಚ್ಚಿಡುತ್ತದೆ. ಪಾಲಿಯೆಸ್ಟರಿಗೆ ಎಣ್ಣೆಯ ಸೆಳೆತ ಹೆಚ್ಚು, ಒಂದೇ ಒಗೆತಕ್ಕೆ ಬಿಡದಿದ್ದರೆ ಆಶ್ಚರ್ಯಪಡಬೇಕಿಲ್ಲ.

ಹೋಯಿತೇ ಇಲ್ಲವೇ ಎಂದು ಹೇಳಲು ಆ ಹೊತ್ತಿನ ಮೂಗನ್ನು ನಂಬಬಾರದು, ಅಷ್ಟರಲ್ಲಿ ಅದು ಒಗ್ಗಿಹೋಗಿರುತ್ತದೆ. ಬಟ್ಟೆಯ ಒಂದು ಮೂಲೆಗೆ ಎರಡು ಹನಿ ನೀರು ಹಾಕಿ, ಆ ಮೂಲೆಯನ್ನು ಗಾಜಿನ ಜಾಡಿಯೊಳಗೆ ತುರುಕಿ ಬಾಯಿ ಬಿಗಿದು ಗಂಟೆ ಹೊತ್ತು ಬಿಡುತ್ತೇನೆ. ಹೊರಗೆ ಸುತ್ತಾಡಿ ಬಂದು ತೆರೆದ ಕೂಡಲೇ ಮೂಸಬೇಕು. ತೇವ ಅಡಗಿದ ವಾಸನೆಯನ್ನು ಎಬ್ಬಿಸುತ್ತದೆ. ಒಣಗಿದ್ದಾಗ ಶುದ್ಧ ಎನಿಸಿದ ಬಟ್ಟೆ ಮಳೆಗಾಲದಲ್ಲಿ ಮತ್ತೆ ನಾರುವುದು ಇದರಿಂದಲೇ.

ಒಗೆಯಲಾಗದ ಬಟ್ಟೆಗೆ, ಒಗೆದೂ ಎಳೆಯಷ್ಟು ಉಳಿದದ್ದಕ್ಕೆ ಆಕ್ಟಿವೇಟೆಡ್ ಕಾರ್ಬನ್, ಅಂದರೆ ವಾಸನೆ ಹೀರುವಂತೆ ಹದಗೊಳಿಸಿದ ಇದ್ದಿಲು. ಮುಚ್ಚಳ ಬಿಗಿಯಾಗಿ ಕೂರುವ 50 ಲೀಟರ್ ಡಬ್ಬಿಗೆ 200 ಗ್ರಾಂ, ಎರಡು ಬಟ್ಟೆ ಚೀಲಗಳಲ್ಲಿ. ಅದರ ಕಪ್ಪು ಪುಡಿ ಬಟ್ಟೆಗೆ ತಾಗದಂತೆ ಚೀಲಗಳನ್ನು ತಟ್ಟೆಯಲ್ಲಿಟ್ಟು, ಬಟ್ಟೆಯನ್ನು ಸಡಿಲವಾಗಿ ಹಾಕಿ ಒಂದು ವಾರ ಮುಚ್ಚಿಡಬೇಕು. ಬಟ್ಟೆ ಪೂರ್ತಿ ಒಣಗಿರಲಿ, ತೇವವಿದ್ದರೆ ಬೂಷ್ಟು ಬರುತ್ತದೆ. ಅಡುಗೆ ಸೋಡಾ ಇದೇ ಕೆಲಸಕ್ಕೆ ಬಹಳ ಜನಪ್ರಿಯ, ಆದರೆ ಅದು ಆಮ್ಲ ಗುಣದ ವಾಸನೆಗಳನ್ನಷ್ಟೇ ತಗ್ಗಿಸುತ್ತದೆ. ಓಝೋನ್ ಅನಿಲ ಬಿಟ್ಟು ವಾಸನೆ ತೆಗೆಯುವ ಯಂತ್ರ ನಾನು ಬಳಸುವುದಿಲ್ಲ: ಎಲಾಸ್ಟಿಕ್ ಒಡೆಯುತ್ತದೆ, ಬಣ್ಣ ಮಾಸುತ್ತದೆ, ಉಸಿರಾಟಕ್ಕೂ ಹಾನಿ.

ಬಟ್ಟೆ ಮರಳಿ ಇಡುವ ಮೊದಲು ಪೆಟ್ಟಿಗೆಯ ಕಡೆ ನೋಡಬೇಕು. ರಟ್ಟಿನ ಪೆಟ್ಟಿಗೆಯಾದರೆ ಎಸೆದುಬಿಡಿ, ರಟ್ಟು ಹೀರಿದ ಹೊಗೆಯನ್ನು ತೆಗೆಯುವ ದಾರಿಯಿಲ್ಲ. ಮರದ ಬೀರುವನ್ನು ಒಳಗೆ, ಕಪಾಟುಗಳ ಅಡಿಭಾಗವೂ ಸೇರಿ, ಡಿಟರ್ಜೆಂಟ್ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿ, ಬಾಗಿಲು ತೆರೆದಿಟ್ಟು ಎರಡು ದಿನ ಒಣಗಿಸಬೇಕು. ಪ್ಲಾಸ್ಟಿಕ್ ಡಬ್ಬಿಯನ್ನು ಒಳಗೂ ಹೊರಗೂ ತೊಳೆದು, ಖಾಲಿ ಮುಚ್ಚಿ ಒಂದು ರಾತ್ರಿ ಬಿಟ್ಟು, ಮರುದಿನ ಮುಚ್ಚಳ ತೆಗೆದಾಗ ವಾಸನೆ ಬಾರದಿದ್ದರೆ ಮಾತ್ರ ಬಟ್ಟೆ ತುಂಬುವುದು.