ಚಳಿಗಾಲದ ಉತ್ತರ ಯಾತ್ರೆ: ನಡುದಾರಿಯಲ್ಲಿ ಇಳಿಯುವ ಊರನ್ನು ಆರಿಸುವುದು ಹೇಗೆ?

ಅಡಿಕೆ ಕೊಯ್ಲು ಮುಗಿಸಿ ಜನವರಿಯಲ್ಲಿ ಕಾಶಿ, ದೆಹಲಿಯ ಕಡೆಗೆ ಹೊರಡುವ ಕುಟುಂಬಗಳು ನಮ್ಮ ಶಿವಮೊಗ್ಗ ಸೀಮೆಯಲ್ಲಿ ಬಹಳ. ಎರಡು ರಾತ್ರಿ ಬೋಗಿಯಲ್ಲೇ ಕಳೆಯುವ ಬದಲು ನಡುವೆ ಒಂದೂರಿನಲ್ಲಿ ಇಳಿದು ದಣಿವಾರಿಸಿಕೊಂಡರೆ ಹಿರಿಯರಿಗೂ ಮಕ್ಕಳಿಗೂ ಹಿತ. ಆದರೆ ಆ ಊರನ್ನು ಬರೀ ಹೆಸರು ನೋಡಿ ಆರಿಸಬಾರದು, ರೈಲು ಅಲ್ಲಿಗೆ ಮುಟ್ಟುವ ಹೊತ್ತು ನೋಡಿ ಆರಿಸಬೇಕು.

ಮೊದಲು ವೇಳಾಪಟ್ಟಿಯನ್ನು ಮುಂದಿಟ್ಟುಕೊಳ್ಳಿ. ಬೆಂಗಳೂರಿನಿಂದ ದೆಹಲಿಗೆ ಹೋಗುವ ಕರ್ನಾಟಕ ಎಕ್ಸ್‌ಪ್ರೆಸ್ ಸೊಲ್ಲಾಪುರ, ಮನ್ಮಾಡ್, ಭೋಪಾಲ್, ಝಾನ್ಸಿ, ಗ್ವಾಲಿಯರ್, ಆಗ್ರಾಗಳನ್ನು ಹಾದುಹೋಗುತ್ತದೆ. ಇವುಗಳಲ್ಲಿ ನಡುರಾತ್ರಿ ತಲುಪುವ ನಿಲ್ದಾಣಗಳನ್ನು ಹೊಡೆದುಹಾಕಿ. ಜನವರಿಯಲ್ಲಿ ಸಂಜೆ 6ರ ಸುಮಾರಿಗೇ ಕತ್ತಲಾಗುವುದರಿಂದ ಮಧ್ಯಾಹ್ನದ ನಂತರ ಇಳಿದರೆ ಆ ದಿನ ಲೆಕ್ಕಕ್ಕಿಲ್ಲ.

ಆಮೇಲೆ ಮಂಜನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಆಗುಂಬೆಯ ಮಂಜು ಬಿಸಿಲೇರಿದಂತೆ ಕರಗುತ್ತದೆ. ಗಂಗಾ ಬಯಲಿನ ದಟ್ಟ ಮಂಜಾದರೋ ರೈಲುಗಳನ್ನು ಗಂಟೆಗಟ್ಟಲೆ ತಡೆಯುತ್ತದೆ. ದಕ್ಷಿಣದಿಂದ ಹೋಗುವ ರೈಲು ಆ ಬಯಲಿಗೆ ಇಳಿಯುವ ಮೊದಲು ಮಂಜಿಗೆ ಸಿಕ್ಕುವುದು ಕಡಿಮೆ. ದೆಹಲಿಯಿಂದ ಮರಳುವ ರೈಲಾದರೆ ಹೊರಡುವಾಗಲೇ ತಡವಾಗಿರಬಹುದು. ಆದ್ದರಿಂದ ಹೋಗುವಾಗಲೇ, ಆಗ್ರಾಕ್ಕಿಂತ ಈಚೆಗೇ ಇಳಿಯುವುದು ಕ್ಷೇಮ.

ನನ್ನ ಆಯ್ಕೆ ಭೋಪಾಲ್. ಅಲ್ಲಿಂದ ಸಾಂಚಿ 50 ಕಿಲೋಮೀಟರಿಗಿಂತ ಹತ್ತಿರವಿದ್ದು, ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದು. ಸಾಂಚಿಯ ಮಹಾಸ್ತೂಪದ ದಕ್ಷಿಣ ತೋರಣದ, ಅಂದರೆ ಕಲ್ಲಿನ ಹೆಬ್ಬಾಗಿಲಿನ, ಹತ್ತಿರ ನಿಂತು ಕಂಬವನ್ನು ನಿಧಾನವಾಗಿ ನೋಡಿ: ಆ ಕೆತ್ತನೆ ವಿದಿಶೆಯ ದಂತದ ಕುಶಲಕರ್ಮಿಗಳದ್ದೆಂದು ಅಲ್ಲಿನ ಬ್ರಾಹ್ಮೀ ಬರಹ ಹೇಳುತ್ತದೆ. ಗಂಧದ ತುಂಡಿನ ಮೇಲೆ ಎಳೆ ಎಳೆಯಾಗಿ ಬಳ್ಳಿ ಬಿಡಿಸುವ ಸಾಗರದ ಗುಡಿಗಾರರನ್ನು ಕಂಡವರಿಗೆ, ದಂತಕ್ಕೆ ಪಳಗಿದ ಕೈ ಕಲ್ಲಿನಲ್ಲಿ ಹೇಗೆ ಓಡಿದೆಯೆಂಬುದು ಬೇಗ ಹೊಳೆಯುತ್ತದೆ. ಇನ್ನೊಂದು ದಿನವಿದ್ದರೆ ಶಿಲಾಯುಗದ ಚಿತ್ರಗಳಿರುವ ಭೀಮಬೇಟ್ಕಾದ ಗುಹೆಗಳಿವೆ. ಅವು ಸಾಂಚಿಗೆ ವಿರುದ್ಧ ದಿಕ್ಕಿನಲ್ಲಿರುವುದರಿಂದ ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ. ಭೋಪಾಲಿಗೆ ಮೊದಲೇ ಸಿಗುವ ಇಟಾರ್ಸಿ ಜಂಕ್ಷನ್ನಿನಿಂದ ಕಾಶಿಯ ದಾರಿ ಹಿಡಿಯುವವರಿಗೆ ಜಬಲ್ಪುರ ಒಳ್ಳೆಯದು. ಅಮೃತಶಿಲೆಯ ಬಂಡೆಗಳ ನಡುವೆ ನರ್ಮದೆ ಹರಿಯುವ ಭೇಡಾಘಾಟ್ ಅಲ್ಲಿಗೆ ಸಮೀಪ.

ಟಿಕೆಟ್ಟಿನ ವಿಷಯದಲ್ಲಿ ಎಚ್ಚರ ಬೇಕು. ದೂರ ಹೆಚ್ಚಿದಂತೆ ಕಿಲೋಮೀಟರಿನ ದರ ಇಳಿಯುವುದರಿಂದ, ತುಂಡು ತುಂಡಾಗಿ ಕೊಳ್ಳುವುದಕ್ಕಿಂತ ಕೊನೆಯ ಊರಿನವರೆಗೆ ಒಂದೇ ಟಿಕೆಟ್ ಅಗ್ಗ. 500 ಕಿಲೋಮೀಟರಿಗಿಂತ ಉದ್ದದ ಟಿಕೆಟ್ಟಿಗೆ ಒಂದು, 1000 ದಾಟಿದರೆ ಎರಡು ತಂಗುವಿಕೆಗೆ, ಅಂದರೆ ನಡುವೆ ಇಳಿದು ಅದೇ ಟಿಕೆಟ್ಟಿನಲ್ಲಿ ಮುಂದೆ ಹೋಗಲು, ಅವಕಾಶವಿದೆ. ಮೊದಲ ತಂಗುವಿಕೆ 500 ಕಿಲೋಮೀಟರ್ ಕಳೆದ ಮೇಲೆಯೇ ಆಗಬೇಕು. ಇಳಿದ ದಿನ, ಹೊರಡುವ ದಿನ ಬಿಟ್ಟು ಎರಡು ದಿನ ಉಳಿಯಬಹುದು. ರಾಜಧಾನಿ, ಶತಾಬ್ದಿಗಳಿಗೆ ಈ ಸೌಲಭ್ಯವಿಲ್ಲ. ಮುಂಗಡ ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ಕೌಂಟರಿನಲ್ಲಿ ಫಾರಂ ಕೊಡುವಾಗಲೇ ಎಲ್ಲಿ ಇಳಿಯುತ್ತೀರಿ, ಮುಂದೆ ಯಾವ ರೈಲು ಹತ್ತುತ್ತೀರಿ ಎಂದು ತಿಳಿಸಿ. ಇಲ್ಲವಾದರೆ ಮುಂದಿನ ಪಯಣಕ್ಕೆ ಬರ್ತ್ ಇರುವುದಿಲ್ಲ. ಇಳಿದ ಕೂಡಲೇ ಸ್ಟೇಷನ್ ಮಾಸ್ಟರರಿಂದ ಟಿಕೆಟ್ಟಿನ ಮೇಲೆ ದಾಖಲೆ ಮಾಡಿಸಿಕೊಳ್ಳಿ.

ನಿಲ್ದಾಣದ ಕ್ಲೋಕ್‌ರೂಮಿನಲ್ಲಿ ಬೀಗವಿಲ್ಲದ ಚೀಲವನ್ನು ತೆಗೆದುಕೊಳ್ಳುವುದಿಲ್ಲ. ಹೊರಡುವ ಮುನ್ನ ಒಂದೊಂದು ಚೀಲಕ್ಕೂ ಬೀಗ ಹುಡುಕಿಡಿ, ಕಂಬಳಿಯನ್ನು ಮಾತ್ರ ಕೈಯಲ್ಲೇ ಉಳಿಸಿಕೊಳ್ಳಿ.