ಲಿಂಕ್ ಕಳಿಸುವ ಮುಂಚೆ ನಾನು ಮಾಡುವ ಕೆಲಸ

ಪ್ರತಿ ಶುಕ್ರವಾರ ಸಂಜೆ ನನ್ನ ವಾಟ್ಸಾಪ್ ಬ್ರಾಡ್‌ಕಾಸ್ಟ್ ಪಟ್ಟಿಗೆ ಮೂರು ಲಿಂಕ್ ಹೋಗುತ್ತವೆ. ಅಂತರ್ಜಾಲದಲ್ಲಿ ಸಿಕ್ಕ ವಿಚಿತ್ರ ಒಂದು, ಕೇಳೋಕೆ ಒಂದು, ನೋಡೋಕೆ ಒಂದು. ಮೂರು ದಾಟಿದರೆ ಜನ ಯಾವುದನ್ನೂ ತೆರೆಯುವುದಿಲ್ಲ. ಒಂದೊಂದು ಲಿಂಕಿಗೂ ಅರ್ಧ ಗಂಟೆ ಹಿಡಿಯುತ್ತದೆ. ಹುಡುಕಾಟಕ್ಕೆ ಹಿಡಿಯುವ ಹೊತ್ತು ಬೇರೆ. ಈ ಅರ್ಧ ಗಂಟೆ ಅದನ್ನು ಇನ್ನೊಬ್ಬರ ಕೈಗೆ ಕೊಡುವ ಹಾಗೆ ಮಾಡಲು ಬೇಕು.

ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದು, ಉತ್ತರ ನಮಗೊಬ್ಬರಿಗೇ ಬರುತ್ತದೆ. ಆದರೆ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. ‘ನನಗೆ ಬಂದೇ ಇಲ್ಲ’ ಎನ್ನುವವರಿಗೆ ಬಹುಪಾಲು ಇದೇ ಕಾರಣ. ಫಾರ್ವರ್ಡ್ ಗುಂಡಿಯನ್ನು ನಾನು ಒತ್ತುವುದಿಲ್ಲ. ಐದು ಕೈ ದಾಟಿದ ಸಂದೇಶಕ್ಕೆ ಜೋಡಿ ಬಾಣದ ಗುರುತು ಬೀಳುತ್ತದೆ, 2020ರ ಏಪ್ರಿಲ್‌ನಿಂದ ಅಂಥದ್ದನ್ನು ಒಂದು ಸಲಕ್ಕೆ ಒಬ್ಬರಿಗೇ ಕಳಿಸಲು ಸಾಧ್ಯ. ಆ ಗುರುತು ಕಂಡರೆ ಓದುವವರೂ ತಾತ್ಸಾರ ಮಾಡುತ್ತಾರೆ. ಮೂಲ ಪುಟಕ್ಕೆ ಹೋಗಿ, ಅಲ್ಲಿಂದ ಲಿಂಕ್ ತೆಗೆದು, ಹೊಸದಾಗಿ ಬರೆಯುತ್ತೇನೆ.

ಮೊದಲು ಲಿಂಕಿನ ಬಾಲ ಕತ್ತರಿಸಬೇಕು. ಹಂಚು ಗುಂಡಿಯಿಂದ ತೆಗೆದ ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ಆಚೆ ಇರುವುದು ಸಾಮಾನ್ಯವಾಗಿ ಯಾರು ಯಾರಿಗೆ ಕಳಿಸಿದರು ಎಂದು ಲೆಕ್ಕ ಇಡುವ ಗುರುತು. ಅಳಿಸಿದರೂ ಪುಟ ತೆರೆಯುತ್ತದೆ. ಯೂಟ್ಯೂಬ್‌ನಲ್ಲಿ ಮಾತ್ರ ಎಚ್ಚರ. ಯೂಟ್ಯೂಬ್‌ನದೇ ಗಿಡ್ಡ ವಿಳಾಸವಾದರೆ (youtu.be) ಚಿಹ್ನೆಯ ನಂತರದ್ದೆಲ್ಲ ತೆಗೆಯಬಹುದು. ಉದ್ದ ವಿಳಾಸದಲ್ಲಿ ‘ವಿ’ (v) ಅಕ್ಷರದ ಮುಂದಿರುವುದೇ ವಿಡಿಯೊದ ಗುರುತು, ಅದನ್ನು ಅಳಿಸಿದರೆ ಖಾಲಿ ಮುಖಪುಟ ಬರುತ್ತದೆ. ಎರಡು ಗಂಟೆಯ ವಿಡಿಯೊದಲ್ಲಿ ಒಂದೇ ತುಣುಕು ಚೆನ್ನಾಗಿದ್ದರೆ ಅಲ್ಲಿಂದಲೇ ಶುರುವಾಗುವಂತೆ ಕೊನೆಗೆ, ಬಾಲ ಕತ್ತರಿಸಿದ ಗಿಡ್ಡ ವಿಳಾಸಕ್ಕಾದರೆ ಪ್ರಶ್ನಾರ್ಥಕ ಚಿಹ್ನೆ, ಉದ್ದದ್ದಕ್ಕಾದರೆ & ಚಿಹ್ನೆ ಹಾಕಿ, ‘ಟಿ’ (t) ಅಕ್ಷರ, ಸಮ ಚಿಹ್ನೆ, ಸೆಕೆಂಡುಗಳ ಸಂಖ್ಯೆ ಸೇರಿಸುತ್ತೇನೆ. 4 ನಿಮಿಷ 10 ಸೆಕೆಂಡ್ ಎಂದರೆ 250. ಮೂಲ ವಿಳಾಸವನ್ನು ಮುಚ್ಚಿಡುವ ಕಿರುಲಿಂಕ್ ಬೇಡವೇ ಬೇಡ. ಎಲ್ಲಿಗೆ ಹೋಗುತ್ತದೋ ಕಾಣದ ಲಿಂಕನ್ನು ಒತ್ತಲು ಜನ ಹೆದರುತ್ತಾರೆ, ಹೆದರಬೇಕಾದದ್ದೇ.

ಆಮೇಲೆ ಬ್ರೌಸರಿನ ಇನ್‌ಕಾಗ್ನಿಟೊ ಕಿಟಕಿಯಲ್ಲಿ (ನಮ್ಮ ಲಾಗಿನ್‌ಗಳು ಅಲ್ಲಿ ಇರುವುದಿಲ್ಲ), ವೈಫೈ ಆಫ್ ಮಾಡಿ, ಮೊಬೈಲ್ ಡೇಟಾದಲ್ಲಿ ತೆರೆದು ನೋಡುತ್ತೇನೆ. ಲಾಗಿನ್ ಕೇಳುತ್ತದೆಯೇ, ತಾನಾಗಿಯೇ ಸದ್ದು ಶುರುವಾಗುತ್ತದೆಯೇ, ಸಣ್ಣ ಪರದೆಗೆ ಹೊಂದುತ್ತದೆಯೇ ಎಂಬುದೆಲ್ಲ ಅಲ್ಲಿ ಗೊತ್ತಾಗುತ್ತದೆ. ಪುಟ ಚೆನ್ನಾಗಿದ್ದರೆ, ಜಾಲಪುಟಗಳ ಪ್ರತಿಗಳನ್ನು ಕಾಪಿಡುವ ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಒಂದು ಪ್ರತಿ ಉಳಿಸುತ್ತೇನೆ. 2013ರಲ್ಲಿದ್ದ ಪುಟಗಳಲ್ಲಿ ಶೇಕಡಾ 38 ಹತ್ತು ವರ್ಷದಲ್ಲಿ ಕಾಣೆಯಾಗಿದ್ದವು ಎಂದು ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಲೆಕ್ಕ ಹಾಕಿತ್ತು. ವಿಚಿತ್ರ ಪುಟಗಳು ಹೆಚ್ಚಾಗಿ ಒಬ್ಬರೇ ಕೈಯಿಂದ ಖರ್ಚು ಮಾಡಿ ನಡೆಸುವಂಥವು, ಬೇಗ ಹೋಗಿಬಿಡುತ್ತವೆ. ಬರಹ, ಚಿತ್ರ ವೇಬ್ಯಾಕ್‌ನಲ್ಲಿ ಚೆನ್ನಾಗಿ ಉಳಿಯುತ್ತವೆ. ಆಟ, ನಕ್ಷೆಗಳಂಥವು ಅಷ್ಟಾಗಿ ಉಳಿಯುವುದಿಲ್ಲ.

ವಿಚಿತ್ರ ಫೋಟೊ ಆದರೆ ಮೇಲಿನ ಬರಹವನ್ನು ಕತ್ತರಿಸಿ, ಚಿತ್ರವನ್ನಷ್ಟೇ ಟಿನ್‌ಐಗೆ (ಒಂದು ಚಿತ್ರ ಜಾಲದಲ್ಲಿ ಬೇರೆಲ್ಲಿದೆ ಎಂದು ಹುಡುಕುವ ತಾಣ) ಹಾಕಿ, ‘ಹಳೆಯದು ಮೊದಲು’ ಎಂದು ಜೋಡಿಸುತ್ತೇನೆ. ಮೊನ್ನೆಯ ಘಟನೆ ಎಂದು ಓಡಾಡುವ ಚಿತ್ರ ಹತ್ತು ವರ್ಷದ ಹಿಂದೆ ಬೇರೆ ದೇಶದಲ್ಲಿ ತೆಗೆದದ್ದಾಗಿರುವುದು ತೀರಾ ಮಾಮೂಲು. ಮೂಲ ಸಿಗದಿದ್ದರೆ ಎಷ್ಟೇ ಸೊಗಸಾಗಿದ್ದರೂ ಕಳಿಸುವುದಿಲ್ಲ.

ಲಿಂಕಿನ ಜೊತೆ ಬರೆಯುವ ಎರಡು ಸಾಲಿನ ಮೇಲೆ ಎಲ್ಲವೂ ನಿಂತಿದೆ. ‘ಸೂಪರ್, ನೋಡಿ’ ಎಂದರೆ ಏನನ್ನೂ ಹೇಳಿದಂತಾಗಲಿಲ್ಲ. ರೇಡಿಯೊ ಗಾರ್ಡನ್ ಕಳಿಸುವುದಾದರೆ ಹೀಗೆ: ‘ಭೂಗೋಳ ತಿರುಗಿಸಿ ಹಸಿರು ಚುಕ್ಕೆಯ ಮೇಲೆ ನಿಲ್ಲಿಸಿದರೆ ಆ ಊರಿನ ರೇಡಿಯೊ ಈಗಿಂದೀಗಲೇ ಕೇಳುತ್ತದೆ. ಬೆಳಗ್ಗೆ 6.30ಕ್ಕೆ ಬ್ಯೂನಸ್ ಐರಿಸ್ ಹಾಕಿ. ನಿಮ್ಮ ಕಾಫಿ ಹೊತ್ತಿಗೆ ಅಲ್ಲಿ ಹಿಂದಿನ ರಾತ್ರಿ ಹತ್ತು.’ ಎಲ್ಲಿಂದ ಶುರು ಮಾಡಬೇಕು ಎಂದು ಹೇಳದಿದ್ದರೆ ಸಾವಿರಾರು ಚುಕ್ಕೆ ನೋಡಿ ಕಂಗಾಲಾಗಿ ಮುಚ್ಚಿಬಿಡುತ್ತಾರೆ. ಡೇಟಾ ಲೆಕ್ಕವನ್ನೂ ಬರೆಯುತ್ತೇನೆ: ಸೆಕೆಂಡಿಗೆ 128 ಕಿಲೊಬಿಟ್‌ನ ವಾಹಿನಿ ಗಂಟೆಗೆ ಸುಮಾರು 58 ಎಂಬಿ ತಿನ್ನುತ್ತದೆ.

ಹಕ್ಕಿ ದನಿಗಳ ಭಂಡಾರ ಝೀನೊ-ಕ್ಯಾಂಟೊ ನನ್ನ ಅಚ್ಚುಮೆಚ್ಚು. ಅಲ್ಲಿ ಕನ್ನಡ ಹೆಸರು ನೆಚ್ಚಿಕೊಂಡು ಹುಡುಕುವುದಕ್ಕಿಂತ ವೈಜ್ಞಾನಿಕ ಹೆಸರು ಹಾಕುವುದು ಲೇಸು. ಹಾಗಾಗಿ ಮಲೆನಾಡಿನಲ್ಲಿ ನಸುಕಿಗೆ ಮನುಷ್ಯರಂತೆ ಸಿಳ್ಳೆ ಹಾಕುವ ಮಲಬಾರ್ ವಿಸ್ಲಿಂಗ್ ಥ್ರಶ್‌ನ ಪುಟವನ್ನೇ ನೇರ ಕಳಿಸುತ್ತೇನೆ. ದನಿಮುದ್ರಣಗಳಿಗೆ ಎ ಇಂದ ಇ ವರೆಗೆ ದರ್ಜೆ ಇದೆ. ಎ ದರ್ಜೆಯದನ್ನೇ ಆರಿಸಿ ‘ಇಯರ್‌ಫೋನ್ ಹಾಕಿಕೊಳ್ಳಿ’ ಎಂದು ಸೇರಿಸುತ್ತೇನೆ. ಫೋನಿನ ಸ್ಪೀಕರಿನಲ್ಲಿ ಆ ಸಿಳ್ಳೆಯ ಸೊಗಸು ಅಷ್ಟಾಗಿ ಸಿಗುವುದಿಲ್ಲ.

ಸಿನಿಮಾ ಆದರೆ ಕಥೆ ಬರೆಯುವುದಿಲ್ಲ. ಅವಧಿ, ಭಾಷೆ, ಸಬ್‌ಟೈಟಲ್, ಮಕ್ಕಳ ಜೊತೆ ಕೂತು ನೋಡಬಹುದೇ, ಚಿತ್ರ ಎಲ್ಲಿಯವರೆಗೆ ನಿಧಾನ — ಇಷ್ಟು ಸಾಕು. ಯಾವ ಓಟಿಟಿಯಲ್ಲಿದೆ ಎಂಬುದನ್ನು ಕಳಿಸುವ ದಿನವೇ ಜಸ್ಟ್‌ವಾಚ್‌ನಲ್ಲಿ ಮತ್ತೆ ನೋಡಬೇಕು, ಪ್ರಸಾರದ ಹಕ್ಕಿನ ಅವಧಿ ಮುಗಿದು ಚಿತ್ರ ಎದ್ದುಹೋಗಿರಬಹುದು. ಹಕ್ಕು ದೇಶ ದೇಶಕ್ಕೆ ಬೇರೆ. ಬೆಂಗಳೂರಿನಲ್ಲಿ ಸಿಗುವುದು ನ್ಯೂಜೆರ್ಸಿಯಲ್ಲಿರುವ ಮಗಳಿಗೆ ಸಿಗದು. ಪಟ್ಟಿಯಲ್ಲಿ ಹೊರದೇಶದವರಿದ್ದರೆ ಅಲ್ಲಿನ ದೇಶ ಆರಿಸಿ ಇನ್ನೊಮ್ಮೆ ಹುಡುಕುತ್ತೇನೆ. ಮೂಕಿ ಚಿತ್ರಗಳಿಗೆ ಭಾಷೆಯ ತೊಡಕಿಲ್ಲ, ಆದರೆ ಚಿತ್ರದ ಹಕ್ಕು ಮುಗಿದಿದ್ದರೂ ಅದಕ್ಕೆ ಹೊಸದಾಗಿ ಕೂಡಿಸಿದ ಸಂಗೀತಕ್ಕೆ ಹಕ್ಕು ಇರುತ್ತದೆ. ಇದ್ದಕ್ಕಿದ್ದಂತೆ ವಿಡಿಯೊ ಮಾಯವಾಗುವುದು ಇದರಿಂದಲೂ ಹೌದು. ಆದ್ದರಿಂದ ಎರಡು ಕಡೆಯ ಲಿಂಕ್ ಇಟ್ಟುಕೊಂಡಿರುತ್ತೇನೆ, ಒಂದನ್ನೇ ಕಳಿಸುತ್ತೇನೆ.

ಕಳಿಸಿದ ಕೂಡಲೇ ಇನ್ನೊಂದು ಫೋನಿನಲ್ಲಿ ಮೂರನ್ನೂ ಒತ್ತಿ ನೋಡುತ್ತೇನೆ. ವಾಟ್ಸಾಪ್‌ನಲ್ಲಿ ಸಂದೇಶ ತಿದ್ದಲು ಇರುವುದು 15 ನಿಮಿಷ.